ಕೈಯಲ್ಲಿ ಏಳು ಕಮಿಷನ್, ಮೂರು ಆಗಲೇ ತಡ: ರಜೆ ತಗೊಳ್ಳಬಹುದಾ?

ಪ್ರಶ್ನೆ: ಐದು ವರ್ಷದಿಂದ ಕಮಿಷನ್ ಮೇಲೆ, ಅಂದರೆ ಜನ ಹಣ ಕೊಟ್ಟು ಹೇಳಿ ಬರೆಸುವ ಚಿತ್ರ ಬರೆಯುತ್ತಿದ್ದೇನೆ. ಹೆಚ್ಚಿನವು ಎಣ್ಣೆಬಣ್ಣದ ಭಾವಚಿತ್ರಗಳು, ನಡುನಡುವೆ ಪುಸ್ತಕಗಳಿಗೆ ಡಿಜಿಟಲ್ ಚಿತ್ರ. ತಿಂಗಳಿಗೆ ಸರಾಸರಿ ಎರಡು ಕೆಲಸ ಮುಗಿಯುತ್ತವೆ. ಈಗ ಕೈಯಲ್ಲಿ ಏಳಿವೆ. ಎರಡು ಮುಕ್ಕಾಲು ಪಾಲು ಆಗಿವೆ, ಮೂರು ರಫ್ ಸ್ಕೆಚ್ ಹಂತದಲ್ಲಿವೆ, ಎರಡನ್ನು ಮುಟ್ಟಿಯೇ ಇಲ್ಲ. ಎಲ್ಲರಿಗೂ ‘ಒಂದೂವರೆ ತಿಂಗಳು’ ಅಂದಿದ್ದೆ. ಮೂರು ಆಗಲೇ ಆ ಗಡುವು ದಾಟಿವೆ. ಎರಡು ವರ್ಷದಿಂದ ಒಂದು ವಾರವೂ ರಜೆ ತೆಗೆದುಕೊಂಡಿಲ್ಲ. ಮುಂದಿನ ತಿಂಗಳು ಎರಡು ವಾರ ಎಲ್ಲಾದರೂ ಹೋಗಿಬರಬೇಕು ಅನ್ನಿಸಿದೆ. ಆದರೆ ತಡವಾದ ಕೆಲಸ ಬಿಟ್ಟು ರಜೆ ಹೋಗುವುದು ತಪ್ಪಲ್ವಾ? ಕ್ಲೈಂಟ್‌ಗಳಿಗೆ ಏನು ಹೇಳಲಿ? ಹುಷಾರಿಲ್ಲ ಅಂದುಬಿಡಲಾ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ಹುಷಾರಿಲ್ಲ ಅನ್ನಬೇಡಿ. ಸರಿ ತಪ್ಪಿನ ಮಾತು ಪಕ್ಕಕ್ಕಿಡಿ, ಆ ಸುಳ್ಳು ಕೆಲಸಕ್ಕೂ ಬರುವುದಿಲ್ಲ. ‘ಈಗ ಹೇಗಿದ್ದೀರಿ’ ಅಂತ ಮೂರು ದಿನಕ್ಕೊಮ್ಮೆ ಮೆಸೇಜ್ ಬರುತ್ತದೆ. ನೀವು ರಜೆಯಲ್ಲಿ ಕೂತು, ಕೆಮ್ಮುತ್ತಾ ಬರೆದ ಹಾಗೆ ಉತ್ತರ ಕೊಡಬೇಕು. ನಾಳೆ ನಿಜಕ್ಕೂ ಜ್ವರ ಬಂದರೆ ಹೇಳಲು ಏನೂ ಉಳಿದಿರುವುದಿಲ್ಲ.

ಇನ್ನು ಅಸಲು ವಿಷಯ. ನಿಮ್ಮ ಪತ್ರದಲ್ಲಿ ರಜೆಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. ತಪ್ಪು ಅದರದ್ದಲ್ಲ. ನೀವೇ ಕೊಟ್ಟ ಅಂಕಿಗಳನ್ನು ತಗೊಂಡು ನೋಡೋಣ.

ತಿಂಗಳಿಗೆ ಎರಡು ಮುಗಿಯುತ್ತವೆ. ಕೈಯಲ್ಲಿ ಏಳಿವೆ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ ತಿಂಗಳು. ಇಷ್ಟು ಕೆಲಸವನ್ನು ಸದಾ ಕೈಯಲ್ಲಿ ಇಟ್ಟುಕೊಂಡರೆ ಒಬ್ಬ ಕ್ಲೈಂಟ್ ಸರಾಸರಿ ಕಾಯಬೇಕಾದ ಸಮಯ ಅದು. ಕಾಯುವ ಸಮಯ ಅಂದರೆ ಕೈಯಲ್ಲಿರುವ ಕೆಲಸದ ಲೆಕ್ಕವನ್ನು ಮುಗಿಯುವ ವೇಗದಿಂದ ಭಾಗಿಸಿದ್ದು. 1961ರಲ್ಲಿ ಜಾನ್ ಲಿಟಲ್ ಎಂಬುವರು ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಲಿಟಲ್ ನಿಯಮ ಅಂತಲೇ ಅದಕ್ಕೆ ಹೆಸರು. ಕಾರ್ಖಾನೆಗೂ, ಕೌಂಟರ್ ಮುಂದಿನ ಸಾಲಿಗೂ ಹೊಂದುವ ಈ ಲೆಕ್ಕ ಕ್ಯಾನ್ವಾಸ್ ನಿಲ್ಲಿಸುವ ನಮ್ಮ ಈಸೆಲ್‌ಗೂ ಹೊಂದುತ್ತದೆ. ನೀವು ಎಷ್ಟು ಒಳ್ಳೆಯವರು, ರಾತ್ರಿ ಎಷ್ಟು ಹೊತ್ತು ಕೂರುತ್ತೀರಿ ಅಂತ ಅದು ಕೇಳುವುದಿಲ್ಲ.

ಅದೇ ಲೆಕ್ಕವನ್ನು ತಿರುಗಿಸಿ. ಒಂದೂವರೆ ತಿಂಗಳ ಮಾತು ಉಳಿಯಬೇಕಾದರೆ ಕೈಯಲ್ಲಿ ಎಷ್ಟು ಕೆಲಸ ಇರಬಹುದು? ಮೂರು. ನಾಲ್ಕನೆಯವರಿಗೆ ‘ಆಯ್ತು, ಒಂದೂವರೆ ತಿಂಗಳು’ ಅಂದಿರಲ್ಲ, ಗಡುವು ಮುರಿದದ್ದು ಆ ದಿನವೇ. ನಿಮಗೆ ಗೊತ್ತಾಗಿದ್ದು ಮಾತ್ರ ಎರಡು ತಿಂಗಳು ಕಳೆದ ಮೇಲೆ.

ಹಾಗಾದರೆ ರಜೆಯಿಂದ ಎಷ್ಟು ನಷ್ಟ? ಎರಡು ವಾರಕ್ಕೆ ಒಂದು ಚಿತ್ರ. ಎಲ್ಲರ ಸರದಿ ಎರಡು ವಾರ ತಡವಾಗುತ್ತದೆ. ನೀವು ಕೊಟ್ಟ ಮಾತಿಗೂ ಮೂರೂವರೆ ತಿಂಗಳಿಗೂ ನಡುವೆ ಎರಡು ತಿಂಗಳ ಅಂತರ ಮೊದಲೇ ಇದೆ. ರಜೆ ಅದಕ್ಕೆ ಅರ್ಧ ತಿಂಗಳು ಸೇರಿಸುತ್ತದೆ, ಅಷ್ಟೇ. ರಜೆ ಬಿಟ್ಟುಬಿಟ್ಟರೆ ಎಲ್ಲ ದಾರಿಗೆ ಬರುತ್ತದೆ ಅನ್ನುವುದಾದರೆ, ಎರಡು ವರ್ಷ ಬಿಟ್ಟೇ ತಾನೆ ಇಲ್ಲಿಗೆ ಬಂದು ನಿಂತಿದ್ದೀರಿ?

ಆದ್ದರಿಂದ ರಜೆಗೆ ಹೋಗಿ. ಆದರೆ ಹೋಗುವ ಮೊದಲು ಈ ಏಳರ ಗಂಟು ಬಿಡಿಸಬೇಕು.

ಸ್ವಲ್ಪ ಸಮಾಧಾನದ ಸುದ್ದಿಯೂ ಇದೆ. ಏಳು ಅಂದರೆ ಪೂರ್ತಿ ಏಳಲ್ಲ. ಮುಕ್ಕಾಲು ಆದ ಎರಡರಲ್ಲಿ ಉಳಿದಿರುವುದು ಎರಡೂ ಸೇರಿ ಅರ್ಧ ಚಿತ್ರದ ಕೆಲಸ. ರಫ್ ಆದ ಮೂರರಲ್ಲೂ ಸ್ವಲ್ಪ ಕೆಲಸ ಆಗಿದೆ. ಎಲ್ಲ ಕಳೆದರೆ ಸುಮಾರು ಐದು ಚಿತ್ರದಷ್ಟು ಕೆಲಸ ಬಾಕಿ. ನಿಮ್ಮ ವೇಗದಲ್ಲಿ ಎರಡೂವರೆ ತಿಂಗಳು. ರಜೆ ಸೇರಿಸಿದರೆ ಮೂರು. ಒಂದೇ ಷರತ್ತು: ಅಲ್ಲಿಯ ತನಕ ಹೊಸದು ಒಂದೂ ಬೇಡ. ಚಿಕ್ಕದೂ ಬೇಡ, ‘ಒಂದೇ ದಿನದ ಕೆಲಸ’ ಅನ್ನುವುದೂ ಬೇಡ. ಒಂದೇ ದಿನದ ಕೆಲಸ ಅಂತ ಬಂದದ್ದು ಒಂದೇ ದಿನದಲ್ಲಿ ಮುಗಿದದ್ದನ್ನು ನಾನಂತೂ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ.

ಈಗ ಕ್ರಮ. ಇಲ್ಲಿ ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು ಯಾವುದು ಗೊತ್ತಾ? ಎಲ್ಲರಿಗೂ ಸಮಾಧಾನ ಆಗಲಿ ಅಂತ ಏಳರಲ್ಲೂ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತೇವೆ. ಬೆಳಿಗ್ಗೆ ಇವರ ಮೂಗು, ಮಧ್ಯಾಹ್ನ ಅವರ ಹಿನ್ನೆಲೆ. ಯಾರು ಫೋನ್ ಮಾಡಿದರೋ ಅವರ ಕ್ಯಾನ್ವಾಸ್ ಆ ದಿನ ಈಸೆಲ್ ಏರುತ್ತದೆ. ಏಳೂ ಹೊಸ ಕೆಲಸ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಏಳೂ ಹೆಚ್ಚು ಕಡಿಮೆ ಮೂರೂವರೆ ತಿಂಗಳ ಕೊನೆಗೆ ಮುಗಿಯುತ್ತವೆ. ಏಳು ಜನವೂ ಅಷ್ಟು ಕಾಲ ಕಾಯುತ್ತಾರೆ. ಒಂದಾದ ಮೇಲೆ ಒಂದು ಮುಗಿಸಿದರೆ? ಮೊದಲನೆಯವರಿಗೆ ಎರಡೇ ವಾರದಲ್ಲಿ ಚಿತ್ರ ಸಿಗುತ್ತದೆ, ಎರಡನೆಯವರಿಗೆ ಒಂದು ತಿಂಗಳಲ್ಲಿ. ಕೊನೆಯವರಿಗೆ ಅದೇ ಮೂರೂವರೆ ತಿಂಗಳು. ಸರಾಸರಿ ತೆಗೆದರೆ ಎರಡು ತಿಂಗಳು. ಕೈಕೆಲಸ ಒಂದಿಷ್ಟೂ ಜಾಸ್ತಿಯಾಗಿಲ್ಲ, ಯಾರಿಗೂ ಮೊದಲಿಗಿಂತ ತಡವಾಗಿಲ್ಲ, ಆದರೂ ಆರು ಜನರಿಗೆ ಬೇಗ ಸಿಕ್ಕಿತು.

ಅದರ ಮೇಲೆ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಖರ್ಚು ಬೇರೆ. ಬಿಟ್ಟುಬಂದ ಕೆಲಸದ ಯೋಚನೆ ತಲೆಯಲ್ಲಿ ಅಂಟಿಕೊಂಡೇ ಇರುತ್ತದೆ, ಹೊಸದರ ಮೇಲೆ ಪೂರ್ತಿ ಗಮನ ಕೂರುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಚಿತ್ರಗಾರರಿಗೆ ಸಂಶೋಧನೆ ಬೇಕಿಲ್ಲ ಬಿಡಿ. ನಿನ್ನೆ ಕಲಸಿದ ಚರ್ಮದ ಬಣ್ಣವನ್ನು ಇವತ್ತು ಮತ್ತೆ ಹೊಂದಿಸಲು ಒಂದು ಗಂಟೆ ಹೋದಾಗ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಹಿಡಿಯಬೇಕಾದದ್ದು ಮುಗಿಯಲು ಹತ್ತಿರ ಇರುವುದನ್ನು. ಮುಕ್ಕಾಲು ಆದ ಎರಡನ್ನು ರಜೆಗೆ ಮೊದಲೇ, ಇನ್ನೆರಡು ವಾರದಲ್ಲಿ ಮುಗಿಸಿ ಕಳಿಸಿಬಿಡಿ. ಜೋರಾಗಿ ಕೇಳುವವರ ಚಿತ್ರವನ್ನಲ್ಲ. ಅತಿ ಹಳೆಯದನ್ನೇ ಮೊದಲು ಅಂತಲೂ ಅಲ್ಲ. ಇದಕ್ಕೆ ಒಂದೇ ವಿನಾಯಿತಿ, ನಿಜವಾದ ತಾರೀಖು ಇರುವ ಕೆಲಸ. ಪುಸ್ತಕ ಅಚ್ಚಿಗೆ ಹೋಗುವ ದಿನ, ಉಡುಗೊರೆ ಕೊಡುವ ದಿನ, ಪ್ರದರ್ಶನದ ದಿನ. ಗೋಡೆಗೆ ಹಾಕಿಕೊಳ್ಳಲು ಬರೆಸಿದ ಭಾವಚಿತ್ರಕ್ಕೆ ಅಂಥ ದಿನ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಊಹಿಸಬೇಡಿ, ಕೇಳಿ. ‘ಯಾವ ದಿನಕ್ಕೆ ಬೇಕು, ಆ ದಿನ ಏನಿದೆ?’ ಅಂತ. ಇದನ್ನು ಒಪ್ಪಿಕೊಳ್ಳುವ ದಿನವೇ ಕೇಳಬೇಕಿತ್ತು, ಇರಲಿ. ನಿಮ್ಮ ಏಳರಲ್ಲಿ ಎರಡಕ್ಕೆ ಮಾತ್ರ ಗಟ್ಟಿ ತಾರೀಖು ಇದ್ದರೂ ನನಗೆ ಆಶ್ಚರ್ಯ ಆಗುವುದಿಲ್ಲ.

ಎಣ್ಣೆಬಣ್ಣದವರಿಗೆ ‘ಒಂದಾದ ಮೇಲೆ ಒಂದು’ ಅನ್ನುವುದು ಅಕ್ಷರಶಃ ಆಗುವುದಿಲ್ಲ, ನನಗೂ ಗೊತ್ತು. ಪದರ ಒಣಗಬೇಕು. ಎಣ್ಣೆಬಣ್ಣ ಒಣಗುವುದು ನೀರು ಆರಿದ ಹಾಗಲ್ಲ, ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೆ ತನ್ನದೇ ಸಮಯ ಬೇಕು. ಅಂಬರ್ ಎನ್ನುವ ಕಂದು ಬಣ್ಣಗಳಲ್ಲಿ ಎಣ್ಣೆಯನ್ನು ಬೇಗ ಒಣಗಿಸುವ ಮ್ಯಾಂಗನೀಸ್ ಇರುವುದರಿಂದ ತೆಳುವಾಗಿ ಹಚ್ಚಿದ್ದು ಒಂದೆರಡು ದಿನದಲ್ಲಿ ಕೈಗೆ ಅಂಟದಂತಾಗುತ್ತದೆ. ಟೈಟಾನಿಯಂ ಬಿಳಿ, ಕ್ಯಾಡ್ಮಿಯಂ ಕೆಂಪು, ಐವರಿ ಕಪ್ಪು ಒಂದು ವಾರ ತಗೊಳ್ಳಬಹುದು, ದಪ್ಪ ಇದ್ದರೆ ಇನ್ನೂ ಜಾಸ್ತಿ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ಹಳೆಯ ರೂಢಿ. ಬೇಗ ಒಣಗಲಿ ಅಂತ ಬಣ್ಣಕ್ಕೆ ಬೆರೆಸುವ ಅಲ್ಕಿಡ್ ಮೀಡಿಯಂ ಸೇರಿಸಿದರೆ ತೆಳು ಪದರ ಸುಮಾರು ಒಂದು ದಿನದಲ್ಲಿ ಒಣಗುತ್ತದೆ. ಆದರೆ ಅದನ್ನು ಮೊದಲ ಪದರದಿಂದಲೇ ಲೆಕ್ಕ ಹಾಕಿ ಬಳಸಬೇಕು, ತಡವಾಯಿತು ಅಂತ ಕೊನೆಗೆ ಸುರಿಯುವುದಲ್ಲ.

ಅದಕ್ಕೇ ನಾನು ‘ಒಂದು’ ಅನ್ನುವ ಬದಲು ‘ಮೂರು’ ಅನ್ನುತ್ತೇನೆ. ಎರಡು ಎಣ್ಣೆ, ಒಂದು ಡಿಜಿಟಲ್. ಒಂದು ಕ್ಯಾನ್ವಾಸ್ ಒಣಗುವಾಗ ಇನ್ನೊಂದರ ಮೇಲೆ ಕೆಲಸ, ಎರಡೂ ಒದ್ದೆ ಇದ್ದರೆ ಪುಸ್ತಕದ ಚಿತ್ರ. ಉಳಿದ ಕ್ಯಾನ್ವಾಸ್‌ಗಳು ಗೋಡೆಗೆ ಮುಖ ಮಾಡಿ ನಿಂತಿರಲಿ. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ತಿರುಗಿಸಿ ಇಡಿ. ಮುಖ ಕಾಣುತ್ತಿದ್ದರೆ ಕೈ ಅತ್ತ ಹೋಗುತ್ತದೆ. ಮತ್ತೆ ಆ ಮೂರು, ಮೇಲಿನ ಭಾಗಾಕಾರದಲ್ಲಿ ಬಂದ ಮೂರೇ ಅನ್ನುವುದನ್ನೂ ಗಮನಿಸಿ.

ಈಗ ಕ್ಲೈಂಟ್‌ಗಳಿಗೆ ಬರೆಯುವ ಮಾತು. ತಡವಾದ ಮೂವರಿಗೆ ಇವತ್ತೇ ಬರೆಯಿರಿ. ನಾಳೆ ಒಳ್ಳೆ ಸುದ್ದಿ ಜೊತೆಗೇ ಬರೆಯೋಣ ಅನ್ನಿಸುತ್ತದೆ. ಆ ನಾಳೆ ಬರುವುದಿಲ್ಲ. ಹೀಗೆ ಬರೆದರೆ ಸಾಕು:

‘ನಿಮ್ಮ ಚಿತ್ರ ಹೇಳಿದ ದಿನಕ್ಕೆ ಮುಗಿಯಲಿಲ್ಲ, ಕ್ಷಮಿಸಿ. ನನ್ನ ಕೈಗೆ ಮೀರಿದಷ್ಟು ಕೆಲಸ ಒಪ್ಪಿಕೊಂಡಿದ್ದೆ. ಈಗ ಎಲ್ಲಿಗೆ ಬಂದಿದೆ ಅನ್ನುವ ಫೋಟೋ ಜೊತೆಗಿದೆ. ಇಂಥ ತಾರೀಖಿಗೆ ನಿಮ್ಮ ಕೈ ಸೇರುತ್ತದೆ. ಆ ತಾರೀಖು ನಿಮಗೆ ಹೊಂದದಿದ್ದರೆ ಹೇಳಿ, ಏನು ಮಾಡಬಹುದು ನೋಡೋಣ.’

ಇಷ್ಟೇ. ಕಾರಣಗಳ ಪಟ್ಟಿ ಬೇಡ. ಕರೆಂಟ್ ಹೋಯಿತು, ಬಣ್ಣ ಬರಲಿಲ್ಲ, ಮನಸ್ಸು ಸರಿ ಇರಲಿಲ್ಲ... ಓದುವವರಿಗೆ ಬೇಕಾದದ್ದು ಒಂದು ತಾರೀಖು, ಒಂದು ಫೋಟೋ. ತಾರೀಖು ಬರೆಯುವಾಗ ಮಾತ್ರ ಕೈ ಬಿಗಿ ಹಿಡಿಯಿರಿ. ಮೊದಲ ಗಡುವು ತಪ್ಪಿದ್ದನ್ನು ಜನ ಮರೆಯುತ್ತಾರೆ, ಎರಡನೆಯದು ತಪ್ಪಿದರೆ ಮರೆಯುವುದಿಲ್ಲ. ನಿಮ್ಮ ಲೆಕ್ಕಕ್ಕೆ ಎರಡು ವಾರ ಅನ್ನಿಸಿದರೆ ಮೂರು ಅನ್ನಿ. ಇನ್ನೂ ಮುಟ್ಟದ ಇಬ್ಬರಿಗೆ ಮೂರರ ಬದಲು ನಾಲ್ಕು ತಿಂಗಳು ಹೇಳಿ. ಜೊತೆಗೆ ಇನ್ನೊಂದು ಸಾಲು: ‘ಅಷ್ಟು ಕಾಯಲು ಆಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡುತ್ತೇನೆ.’

ಈ ಸಾಲು ಓದಿ ನಿಮ್ಮ ಎದೆ ಧಸಕ್ ಅಂದಿತಾ? ಅಂದಿದ್ದರೆ ಏಳು ಕೆಲಸ ಯಾಕೆ ಸೇರಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಆ ಅಡ್ವಾನ್ಸ್ ಖರ್ಚಾಗಿ ಹೋಗಿರುತ್ತದೆ. ಹಳೆಯ ಚಿತ್ರ ಬರೆಯುತ್ತಿರುವ ತಿಂಗಳ ಖರ್ಚನ್ನು ಹೊಸ ಚಿತ್ರದ ಅಡ್ವಾನ್ಸ್‌ನಿಂದ ನಡೆಸುವುದು, ಆಮೇಲೆ ಆ ಹೊಸದನ್ನು ಬರೆಯಲು ಇನ್ನೂ ಹೊಸದರ ಅಡ್ವಾನ್ಸ್. ನಾನೂ ಹೀಗೆ ಬದುಕಿದ್ದೇನೆ, ಸುಮಾರು ನಾಲ್ಕು ವರ್ಷ. ಹೊರಗಿನಿಂದ ನೋಡಿದವರು ‘ಎಷ್ಟು ಬಿಜಿ ನೋಡಿ’ ಅನ್ನುತ್ತಿದ್ದರು. ಒಳಗೆ ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಯಾಕೆಂದರೆ ಚಿತ್ರ ಕೈ ಸೇರುವ ತನಕ ಅಡ್ವಾನ್ಸ್ ಅನ್ನುವುದು ನಿಮ್ಮ ದುಡಿಮೆಯಲ್ಲ, ನೀವು ತೀರಿಸಬೇಕಾದ ಬಾಕಿ.

ಇದನ್ನು ಒಂದೇ ದಿನದಲ್ಲಿ ಬಿಡಿಸಲು ಬರುವುದಿಲ್ಲ. ಮೆಲ್ಲಗೆ ಬಿಡಿಸಬಹುದು. ಹಣವನ್ನು ಮೂರು ಕಂತು ಮಾಡಿ: ಸರದಿ ಬಂದು ಕೆಲಸ ಶುರುವಾಗುವ ದಿನ ಒಂದು, ಸ್ಕೆಚ್ ಒಪ್ಪಿದ ದಿನ ಒಂದು, ಕೈ ಸೇರುವಾಗ ಕೊನೆಯದು. ಸರದಿ ಬರುವ ತನಕ ಕಾಯುವವರ ಪಟ್ಟಿಯಲ್ಲಿ ಹೆಸರು ಮಾತ್ರ ಇರಲಿ, ಹಣ ಬೇಡ. ಹಣ ತಗೊಳ್ಳದಿದ್ದರೆ ಜನ ಬಿಟ್ಟು ಹೋಗುತ್ತಾರೆ ಅನ್ನುವ ಭಯ ಇರುತ್ತದೆ. ಕೆಲವರು ಹೋಗುತ್ತಾರೆ, ನಿಜ. ಹೋಗುವವರು ಮೊದಲೇ ಹೋಗುವುದು ಒಳ್ಳೆಯದು.

ನನ್ನ ಒಂದು ಕಥೆ ಹೇಳಿಬಿಡುತ್ತೇನೆ. ಒಬ್ಬರು ದೊಡ್ಡ ಭಾವಚಿತ್ರ ಕೇಳಿದ್ದರು. ಸ್ಕೆಚ್ ಕಳಿಸಿದೆ. ಮೂರು ವಾರ ಉತ್ತರವೇ ಇಲ್ಲ. ಆಮೇಲೆ ‘ಚೆನ್ನಾಗಿದೆ, ಮುಂದುವರಿಸಿ’ ಅಂದರು. ತಾರೀಖು ಮಾತ್ರ ಹಳೆಯದೇ. ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ. ರಾತ್ರಿ ಕೂತು ಬರೆದೆ. ಕೆಳಗಿನ ಪದರದಲ್ಲಿ ಎಣ್ಣೆ ಜಾಸ್ತಿ, ಇನ್ನೂ ಹಸಿ. ಅದರ ಮೇಲೆ ಎಣ್ಣೆ ಕಡಿಮೆ ಇರುವ, ಬೇಗ ಒಣಗುವ ಬಣ್ಣ ಎಳೆದುಬಿಟ್ಟೆ. ತಾರೀಖಿಗೆ ಕೊಟ್ಟೆ, ಹೊಗಳಿಸಿಕೊಂಡೆ. ಒಂದೂವರೆ ವರ್ಷದ ಮೇಲೆ ಫೋನ್ ಬಂತು: ಹಣೆಯ ಮೇಲೆ ಬಿರುಕು. ಮೇಲಿನದು ಗಟ್ಟಿಯಾಗಿ ಕೂತಿತ್ತು, ಕೆಳಗಿನದು ಇನ್ನೂ ಅಲುಗಾಡುತ್ತಿತ್ತು. ಪೂರ್ತಿ ಚಿತ್ರ ಮತ್ತೆ ಬರೆದುಕೊಟ್ಟೆ, ಪುಕ್ಕಟೆ. ಅವರ ಮೂರು ವಾರದ ಮೌನಕ್ಕೆ ನಾನು ಎರಡು ತಿಂಗಳು ಕೊಟ್ಟ ಹಾಗಾಯಿತು.

ಅವತ್ತಿನಿಂದ ನಾನು ಬರೇ ತಾರೀಖು ಬರೆದುಕೊಡುವುದಿಲ್ಲ. ‘ಸ್ಕೆಚ್ ಒಪ್ಪಿದ ದಿನದಿಂದ ಇಷ್ಟು ವಾರ’ ಅಂತ ಬರೆಯುತ್ತೇನೆ. ಅವರು ಒಂದು ವಾರ ಯೋಚಿಸಿದರೆ ಗಡುವೂ ಒಂದು ವಾರ ಮುಂದೆ. ಯಾರೂ ಜಗಳ ಆಡಿಲ್ಲ. ತಾರೀಖು ತಮ್ಮ ಕೈಯಲ್ಲೂ ಇದೆ ಅಂತ ಗೊತ್ತಾದರೆ ಉತ್ತರ ಕೂಡ ಬೇಗ ಬರುತ್ತದೆ.

ತಿದ್ದುಪಡಿಯ ಮಾತೂ ಹೀಗೇ. ಸ್ಕೆಚ್ ಹಂತದಲ್ಲಿ ಎರಡು ಸಲ ಬದಲಾಯಿಸಬಹುದು, ಬಣ್ಣ ಹಚ್ಚಿದ ಮೇಲೆ ಸಣ್ಣಪುಟ್ಟದ್ದು ಮಾತ್ರ, ದೊಡ್ಡದಿದ್ದರೆ ಹಣವೂ ಸಮಯವೂ ಬೇರೆ ಅಂತ ಮೊದಲೇ ಬರೆದಿಡಿ. ಆದರೆ ಇದರಲ್ಲಿ ಯಾವಾಗಲೂ ಕ್ಲೈಂಟ್‌ದೇ ತಪ್ಪು ಅಂತ ಹೇಳಲಾರೆ. ಎಷ್ಟೋ ಸಲ ಕೆಲಸ ಹಿಗ್ಗಿಸುವವರು ನಾವೇ. ಐನೂರು ವರ್ಷ ಹಿಂದಿನ ಜರ್ಮನ್ ಚಿತ್ರಗಾರ ಆಲ್ಬ್ರೆಕ್ಟ್ ಡ್ಯೂರರ್ ಕಥೆ ಕೇಳಿದ್ದೀರಾ? ಫ್ರಾಂಕ್‌ಫರ್ಟ್‌ನ ವ್ಯಾಪಾರಿ ಯಾಕೋಬ್ ಹೆಲ್ಲರ್‌ಗೆ ಒಂದು ದೊಡ್ಡ ಪೂಜಾಪೀಠದ ಚಿತ್ರ ಬರೆದುಕೊಡಲು 130 ಫ್ಲೋರಿನ್‌ಗೆ (ಆಗಿನ ನಾಣ್ಯ) ಒಪ್ಪಿಕೊಂಡಿದ್ದರು. ಕೈ ಹಾಕಿದ ಮೇಲೆ ಬಿಡಲಾಗಲಿಲ್ಲ. ದುಬಾರಿಯಾದ ಒಳ್ಳೆಯ ಅಲ್ಟ್ರಾಮರೀನ್ ನೀಲಿ, ಪದರದ ಮೇಲೆ ಪದರ. ಹಣ ಸಾಲದು ಅಂತ ಹೆಲ್ಲರ್‌ಗೆ ಪತ್ರದ ಮೇಲೆ ಪತ್ರ. ಕೊನೆಗೆ 1509ರಲ್ಲಿ 200ಕ್ಕೆ ಮುಗಿಯಿತು. ಅಷ್ಟಾದರೂ ಶ್ರಮಕ್ಕೆ ತಕ್ಕ ಹಣ ಬಂತು ಅಂತ ಅವರಿಗೆ ಅನ್ನಿಸಲಿಲ್ಲ. ಹೆಲ್ಲರ್ ಕೇಳಿದ್ದಕ್ಕಿಂತ ಜಾಸ್ತಿ ಮಾಡಿದ್ದು ಡ್ಯೂರರ್ ತಾವೇ. ಹಲವು ಫಲಕಗಳ ಆ ಪೀಠದಲ್ಲಿ ಡ್ಯೂರರ್ ಬರೆದ ಮಧ್ಯದ ಚಿತ್ರ 1729ರ ಬೆಂಕಿಯಲ್ಲಿ ಸುಟ್ಟುಹೋಯಿತು. ಪಾಪ, ಆ ನೀಲಿ.

ಕ್ಲೈಂಟ್‌ನ ‘ಅರ್ಜೆಂಟ್’ ಬಗ್ಗೆಯೂ ಒಂದು ಮಾತು. ನಿಮಗೆ ಕೆಲಸ ಕೊಟ್ಟವರೇ ನಡುವೆ ಬಂದು ‘ಅದು ಇರಲಿ, ಮೊದಲು ಇದು’ ಅನ್ನುವುದುಂಟು. ಇಟಲಿಯ ಕಲಾವಿದ ಮೈಕೆಲೆಂಜೆಲೊಗೆ 1505ರಲ್ಲಿ ಪೋಪ್ ಎರಡನೇ ಜೂಲಿಯಸ್ ತನ್ನ ಸಮಾಧಿಯ ಕೆಲಸ ಕೊಟ್ಟರು. 1508ರಲ್ಲಿ ಅದೇ ಪೋಪ್ ಸಿಸ್ಟೀನ್ ಚಾಪೆಲ್‌ನ ಛಾವಣಿ ಬರೆಯಲು ಹತ್ತಿಸಿದರು. ಛಾವಣಿ 1512ಕ್ಕೆ ಮುಗಿಯಿತು, ಪೋಪ್ 1513ರಲ್ಲಿ ತೀರಿಕೊಂಡರು, ಸಮಾಧಿ ಬಹಳ ಚಿಕ್ಕದಾಗಿ 1545ರಲ್ಲಿ ಮುಗಿಯಿತು. ನಮ್ಮ ಮಟ್ಟಕ್ಕೆ ಇಳಿಸಿ ಹೇಳುವುದಾದರೆ, ಅದೇ ಕ್ಲೈಂಟ್ ಅರ್ಜೆಂಟ್ ತಂದರೆ ‘ಆಗಲಿ, ಹಾಗಾದರೆ ಹಳೆಯದರ ಹೊಸ ತಾರೀಖು ಇದು’ ಅಂತ ಅದೇ ಮೆಸೇಜ್‌ನಲ್ಲಿ ಬರೆದುಬಿಡಿ. ಬೇರೆಯವರು ತಂದರೆ ಬೇಡ ಅನ್ನಿ.

ಇನ್ನು, ಒಂದೂವರೆ ತಿಂಗಳು ಅನ್ನುವ ಅಂಕಿ ನಿಮಗೆ ಎಲ್ಲಿಂದ ಬಂತು? ಬಹುಶಃ ಮನಸ್ಸಿನಿಂದ. ಎಲ್ಲ ಸರಿಯಾಗಿ ನಡೆದರೆ ಎಷ್ಟು ದಿನ ಬೇಕೋ ಅಷ್ಟು. ಇದು ನಿಮ್ಮೊಬ್ಬರ ಖಾಯಿಲೆಯಲ್ಲ. 1994ರಲ್ಲಿ ಪ್ರಕಟವಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅವರ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ ಕೇಳಿದ್ದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ಅಂದಾಗ 48.6 ದಿನ ಅಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಅಂದರೆ ನಾವು ಊಹಿಸುವ ಅತಿ ಕೆಟ್ಟ ಸ್ಥಿತಿಯೂ ನಿಜಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಇದಕ್ಕೆ ಮದ್ದು ಒಂದೇ, ಊಹೆ ಬಿಟ್ಟು ದಾಖಲೆ ನೋಡುವುದು. ನಿಮ್ಮ ಕಳೆದ ಹತ್ತು ಕೆಲಸ ತೆಗೆಯಿರಿ. ಮೆಸೇಜ್‌ಗಳಲ್ಲಿ ತಾರೀಖು ಇದ್ದೇ ಇರುತ್ತದೆ. ಸ್ಕೆಚ್ ಒಪ್ಪಿದ ದಿನದಿಂದ ಕೈ ಸೇರಿದ ದಿನದ ತನಕ ಎಷ್ಟಾಯಿತು ಅಂತ ಪ್ರತಿಯೊಂದಕ್ಕೂ ಬರೆಯಿರಿ. ಅತಿ ತಡವಾದದ್ದನ್ನು ಬಿಟ್ಟು, ಅದರ ನಂತರ ಹೆಚ್ಚು ದಿನ ಹಿಡಿದದ್ದನ್ನು ಆರಿಸಿ. ಹೊಸಬರಿಗೆ ಆ ಅಂಕಿ ಹೇಳಿ. ಸರಾಸರಿ ಹೇಳಬೇಡಿ. ಸರಾಸರಿ ಹೇಳಿದರೆ ಹೆಚ್ಚು ಕಡಿಮೆ ಅರ್ಧ ಜನರಿಗೆ ತಡವಾಗುತ್ತದೆ, ಅಲ್ವಾ?

ದರದ ಬಗ್ಗೆ ನೀವು ಕೇಳಿಲ್ಲ, ಆದರೂ ರಜೆಯ ವಿಷಯ ಬಂದಾಗ ಬಿಡಲಾಗದು. ನಮಗೆ ಸಂಬಳದ ರಜೆ ಇಲ್ಲ. ರಜೆಯ ಹಣ ಚಿತ್ರದ ದರದೊಳಗೇ ಇರಬೇಕು. ವರ್ಷಕ್ಕೆ 52 ವಾರ. ಆರು ವಾರ ರಜೆ, ಎರಡು ವಾರ ಕಾಯಿಲೆ ಕಸಾಲೆ ಅಂತ ತೆಗೆದರೆ 44. ವಾರಕ್ಕೆ ಐದು ದಿನ ಅಂದರೂ ಒಂದು ದಿನ ಮೇಲ್, ಲೆಕ್ಕ, ಫೋಟೋ, ಪ್ಯಾಕಿಂಗ್‌ಗೆ ಹೋಗುತ್ತದೆ. ಕುಂಚ ಹಿಡಿಯುವ ದಿನ ನಾಲ್ಕು. ಒಟ್ಟು 176 ದಿನ. ವರ್ಷಕ್ಕೆ ಎಷ್ಟು ಬೇಕೋ ಅದನ್ನು 176ರಿಂದ ಭಾಗಿಸಿ, ಬಂದದ್ದು ನಿಮ್ಮ ಒಂದು ದಿನದ ಬೆಲೆ. ಬಹಳ ಜನ 260 ದಿನದಿಂದ ಭಾಗಿಸಿ ದರ ಇಡುತ್ತಾರೆ, ಆಮೇಲೆ ರಜೆ ತಗೊಂಡರೆ ನಷ್ಟ ಅಂತ ಅಳುತ್ತಾರೆ.

ಸರಿ, ಈಗ ನಿಮ್ಮ ಎರಡು ವಾರ. ಕ್ಯಾಲೆಂಡರ್‌ನಲ್ಲಿ ಮೊದಲು ಅದನ್ನು ಗೆರೆ ಎಳೆದು ಮುಚ್ಚಿ, ಆಮೇಲೆ ಉಳಿದ ತಾರೀಖು ಕೊಡಿ. ಹೋಗುವ ಮೊದಲಿನ ಮೂರು ದಿನ, ಬಂದ ಮೇಲಿನ ಮೂರು ದಿನ ಯಾರಿಗೂ ಗಡುವು ಬೇಡ. ಕ್ಲೈಂಟ್‌ಗಳಿಗೆ ಅಪ್ಪಣೆ ಕೇಳುವ ಧಾಟಿಯಲ್ಲಿ ಬರೆಯಬೇಡಿ. ‘ಈ ತಾರೀಖಿನಿಂದ ಈ ತಾರೀಖಿನ ತನಕ ಸ್ಟುಡಿಯೋ ಮುಚ್ಚಿರುತ್ತದೆ. ನಿಮ್ಮ ಚಿತ್ರದ ದಿನ ಇದನ್ನು ಸೇರಿಸಿಯೇ ಹೇಳಿದ್ದು’ ಅಂದರೆ ಸಾಕು. ತಡವಾದ ಮೂವರಿಗೂ ಇದನ್ನು ತಿಳಿಸಿ. ಮುಚ್ಚಿಟ್ಟು ಹೋದರೆ ರಜೆ ಪೂರ್ತಿ ಫೋನ್ ಕಂಡರೆ ಭಯ.

ಎಣ್ಣೆಬಣ್ಣದವರಿಗೆ ರಜೆಯಲ್ಲಿ ಒಂದು ಲಾಭ ಇದೆ, ಬೇರೆಯವರಿಗೆ ಇಲ್ಲದ್ದು. ನಮ್ಮ ಕೆಲಸದಲ್ಲಿ ಎರಡು ಕಾಯುವಿಕೆ ಇದ್ದೇ ಇರುತ್ತವೆ. ಒಂದು ಬಣ್ಣ ಒಣಗುವುದು, ಇನ್ನೊಂದು ಕ್ಲೈಂಟ್ ಯೋಚಿಸುವುದು. ಎರಡನ್ನೂ ರಜೆಯೊಳಗೆ ತಳ್ಳಿಬಿಡಿ. ತಡವಾದ ಮೂರನೆಯ ಭಾವಚಿತ್ರದ ಮೊದಲ ಪದರ, ಅದರಲ್ಲೂ ಬಿಳಿ ದಪ್ಪವಾಗಿ ಬೀಳುವ ಭಾಗ, ಹೊರಡುವ ಹಿಂದಿನ ದಿನಗಳಲ್ಲಿ ಮುಗಿಸಿ. ಗಾಳಿ ಬೆಳಕು ಬೀಳುವ, ಧೂಳು ಬೀಳದ ಕಡೆ ಇಡಿ. ಕತ್ತಲೆ ಕೋಣೆ ಬೇಡ, ಎಣ್ಣೆ ಹಳದಿಗೆ ತಿರುಗುತ್ತದೆ. ಇನ್ನೂ ಮುಟ್ಟದ ಎರಡರ ಸ್ಕೆಚ್‌ಗಳನ್ನು ಹೊರಡುವ ಹಿಂದಿನ ದಿನ ಕಳಿಸಿ: ‘ನಿಧಾನಕ್ಕೆ ನೋಡಿ, ನಾನು ಬಂದ ಮೇಲೆ ಮಾತಾಡೋಣ.’ ಅವರಿಗೆ ಎರಡು ವಾರ ಸಿಕ್ಕಿತು, ನಿಮಗೆ ಯಾರೂ ಅವಸರ ಮಾಡುವುದಿಲ್ಲ. ಹೀಗೆ ಹೊಂದಿಸಿದರೆ ಎರಡು ವಾರದ ರಜೆಯಿಂದ ನಿಜಕ್ಕೂ ಹೋಗುವ ಕೆಲಸ ಒಂದು ವಾರದ್ದು. ನಾನು ವರ್ಷಕ್ಕೆ ಮೂರು ಸಲ ಹೋಗುವುದು ಈ ಧೈರ್ಯದ ಮೇಲೆಯೇ.

ಟ್ಯಾಬ್ಲೆಟ್ ತಗೊಂಡು ಹೋಗಬೇಡಿ. ಪುಸ್ತಕದ ಚಿತ್ರ ಬಾಕಿ ಇದೆ, ಸಂಜೆ ಒಂದು ಗಂಟೆ ಮಾಡಿದರಾಯಿತು ಅನ್ನಿಸುತ್ತದೆ. ಆ ಗಂಟೆ ಬೆಳಿಗ್ಗೆಯಿಂದಲೇ ತಲೆ ಮೇಲೆ ಕೂತಿರುತ್ತದೆ. ಸ್ಕೆಚ್‌ಬುಕ್ ಬೇಕಾದರೆ ಇರಲಿ, ಯಾರೂ ಹಣ ಕೊಡದ ಚಿತ್ರಕ್ಕೆ. ಮಣಿಕಟ್ಟು ನೋಯುತ್ತಿದ್ದರೆ ಅದೂ ಬೇಡ.

ಪೂರ್ತಿ ಖಾಲಿ ರಜೆಯೂ ಕೆಲವರಿಗೆ ಒಗ್ಗುವುದಿಲ್ಲ. ವಿನ್ಯಾಸಕಾರ ಸ್ಟೆಫಾನ್ ಸಾಗ್ಮೈಸ್ಟರ್ ಏಳು ವರ್ಷಕ್ಕೊಮ್ಮೆ ತಮ್ಮ ನ್ಯೂಯಾರ್ಕ್ ಸ್ಟುಡಿಯೋವನ್ನು ಒಂದು ವರ್ಷ ಮುಚ್ಚುವುದಕ್ಕೆ ಹೆಸರಾದವರು. ಮೊದಲ ಸಲ ಯಾವ ಯೋಜನೆಯೂ ಇಲ್ಲದೆ ಶುರುಮಾಡಿ, ಸಣ್ಣಪುಟ್ಟ ಕೋರಿಕೆಗಳೇ ದಿನ ತುಂಬಿಕೊಂಡಾಗ ಶಾಲೆಯ ಟೈಮ್‌ಟೇಬಲ್ ತರಹ ಬರೆದುಕೊಂಡರಂತೆ. ನಿಮ್ಮದು ಎರಡೇ ವಾರ, ಟೈಮ್‌ಟೇಬಲ್ ಬೇಡ. ಎರಡು ವರ್ಷ ದಣಿದವರಿಗೆ ಮೊದಲ ನಾಲ್ಕು ದಿನ ನಿದ್ದೆಯಲ್ಲೇ ಹೋಗುತ್ತದೆ. ಅದನ್ನು ದಂಡ ಅಂತ ಎಣಿಸಬೇಡಿ.

ಹೊರಡುವ ದಿನ ಕೊನೆಯದಾಗಿ ಒಂದು ಕೆಲಸ. ಅರ್ಧ ಆದ ಕ್ಯಾನ್ವಾಸ್‌ಗಳ ಹಿಂದೆ ಪೇಪರ್ ಟೇಪ್ ಅಂಟಿಸಿ, ಯಾವ ಬಣ್ಣಕ್ಕೆ ಯಾವುದನ್ನು ಕಲಸಿದ್ದಿರಿ, ಮುಂದೆ ಏನು ಮಾಡಬೇಕಿತ್ತು ಅಂತ ಬರೆಯಿರಿ. ಈಗ ಎಲ್ಲ ನೆನಪಿದೆ ಅನ್ನಿಸುತ್ತದೆ. ಎರಡು ವಾರದ ಮೇಲೆ ಒಂದೂ ನೆನಪಿರುವುದಿಲ್ಲ. ನನ್ನ ಈಸೆಲ್ ಮೇಲೆ ಈಗ ಇರುವುದರ ಹಿಂದೆ ಹೀಗಿದೆ: ‘ನೆರಳಿಗೆ ಅಂಬರ್, ಸ್ವಲ್ಪ ಅಲ್ಟ್ರಾಮರೀನ್. ಎಡ ಕೆನ್ನೆಯ ಬಣ್ಣ ಇನ್ನೂ ತಣ್ಣಗಿದೆ. ಕಿವಿ ಚೆನ್ನಾಗಿ ಬಂದಿದೆ, ದಯವಿಟ್ಟು ಮುಟ್ಟಬೇಡ.’